ಹೊಸಬರ ಸಾಲಿನಲ್ಲಿ ಎಣಿಕೆಯಕ್ಕ

ಬೀಜ ಪರೀಕ್ಷಾ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಎಣಿಕೆಯಕ್ಕ ಎಂದೇ ಕರೆಯುತ್ತಿದ್ದರು. ಒದ್ದೆ ಕಾಗದದ ಮೇಲೆ ನೂರು ಬೀಜ ಜೋಡಿಸಿ, ಸುರುಳಿ ಸುತ್ತಿ, ಬೆಚ್ಚನೆಯ ಪೆಟ್ಟಿಗೆಯಲ್ಲಿ ನಿಲ್ಲಿಸುವುದು. ಏಳನೆಯ ದಿನ ಬಿಚ್ಚಿ ಎಷ್ಟು ಮೊಳೆತಿವೆ, ಎಷ್ಟು ಕೊಳೆತಿವೆ ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಎಣಿಸುವುದು. ಇದು ಅವಳ ಕೆಲಸ. ಕೃಷಿ ಪದವಿ ಮುಗಿಸಿದ ಮರುವರ್ಷ ಆರು ತಿಂಗಳ ಮಟ್ಟಿಗೆಂದು ಸೇರಿದ್ದಳು. ಆ ಆರು ತಿಂಗಳು ಹನುಮಂತನ ಬಾಲದ ಹಾಗೆ ಬೆಳೆದು ಹನ್ನೊಂದು ವರ್ಷವಾಗಿತ್ತು. ಕೆಲಸ ಕಾಯಂ ಆಗದಿರಲೆಂದು ವರ್ಷಕ್ಕೊಮ್ಮೆ ಒಂದು ದಿನ ಅವಳನ್ನು ತೆಗೆದು, ಮರುದಿನ ಹೊಸದಾಗಿ ಸೇರಿಸಿಕೊಳ್ಳುತ್ತಿದ್ದರು. ಆ ಒಂದು ದಿನ ಅವಳು ಮನೆಯ ಕಂಬಳಿಗಳನ್ನೆಲ್ಲ ಒಗೆದು ಹಾಕುತ್ತಿದ್ದಳು.

ಕಾಯಂ ಹುದ್ದೆಗೆ ಮೂರು ಸಲ ಅರ್ಜಿ ಕರೆದು, ಮೂರು ಸಲವೂ ರದ್ದು ಮಾಡಿದ್ದರು. ನಾಲ್ಕನೆಯ ಸಲ ಕರೆದಾಗ ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಗಂಡ ಟೈಲರ್. ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ಹೇಳಿದ.

"ಹಾಕ್ಬಿಡೇ. ಹೋದ್ರೆ ಒಂದು ಕಲ್ಲು, ಬಿದ್ರೆ ಒಂದು ಹಣ್ಣು."

"ಕಲ್ಲು ಎಸೆದೂ ಎಸೆದೂ ತೋಳೇ ಬಿದ್ದೋಗಿದೆ ಕಣ್ರೀ."

ಕೊನೆಗೆ ಅರ್ಜಿಯನ್ನು ಅವನೇ ತುಂಬಿದ. ಅನುಭವ ಎಂದಿದ್ದ ಕಡೆ ಜಾಗ ಸಾಲದೆ, ಬೇರೆ ಹಾಳೆಯಲ್ಲಿ ಬರೆದು, ಗುಂಡುಸೂಜಿ ಚುಚ್ಚಿ ಕಳಿಸಿದ.

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು. ಎಡಗಡೆಯ ಕುರ್ಚಿ ನೋಡಿ ಅವಳು ಬಾಗಿಲಲ್ಲೇ ನಿಂತಳು. ಅಲ್ಲಿದ್ದದ್ದು ಗುಬ್ಬಿ. ಆರು ವರ್ಷದ ಹಿಂದೆ ಕೇಂದ್ರಕ್ಕೆ ಬಂದಾಗ ಬೀಜ ಹೆಕ್ಕುವ ಇಕ್ಕಳ ಹಿಡಿಯಲೂ ಬಾರದೆ ಅಳುತ್ತಿದ್ದ ಹುಡುಗಿ. ಕೈ ಹಿಡಿದು ಕಲಿಸಿದವಳು ಎಣಿಕೆಯಕ್ಕನೇ. ಗುಬ್ಬಿ ಆಮೇಲೆ ಪರೀಕ್ಷೆ ಬರೆದು ಅಧಿಕಾರಿಯಾಗಿ ಹಾರಿಹೋದಳು. ಈಗ ಅಕ್ಕನನ್ನು ಕಂಡು ಅರ್ಧ ಎದ್ದು, ಮತ್ತೆ ಕೂತಳು.

ನಡುವಿದ್ದ ಅಧ್ಯಕ್ಷರು ಅರ್ಜಿಯ ಪುಟ ತಿರುವಲಿಲ್ಲ. "ಅನುಭವ ಏನಾದ್ರೂ ಇದೆಯೇನಮ್ಮಾ?"

"ಹನ್ನೊಂದು ವರ್ಷ ಸರ್. ಬೀಜ ಪರೀಕ್ಷೆ."

"ತಾತ್ಕಾಲಿಕ ಅಲ್ವಾ? ಅದು ಲೆಕ್ಕಕ್ಕೆ ಬರಲ್ಲ."

ಅವಳಿಗೆ ಸಿಟ್ಟೂ ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಮೈಯಲ್ಲಿ ಅಷ್ಟು ಕಸುವಾದರೂ ಬೇಕಲ್ಲ. ಗುಬ್ಬಿಯ ಸರದಿ ಬಂತು. ಅವಳು ಮೇಜು ನೋಡುತ್ತಲೇ ಕೇಳಿದಳು.

"ಬೇರೂ ಬಂದಿದೆ, ಚಿಗುರೂ ಬಂದಿದೆ. ಆದ್ರೂ ಮೊಳಕೆ ಸರಿಯಿಲ್ಲ ಅಂತ ಯಾವಾಗ ಬರೀತೀರಾ?"

"ಬುಡದಲ್ಲಿ ಬಲ ಇಲ್ದಿದ್ರೆ. ಒದ್ದೆ ಕಾಗದದ ಮೇಲೇನೋ ಚೆನ್ನಾಗೇ ಕಾಣುತ್ತೆ. ಮಣ್ಣಿಗೆ ಹಾಕಿದ್ರೆ ಮೇಲೇಳಲ್ಲ." ಎಣಿಕೆಯಕ್ಕ ಇನ್ನೊಂದು ಮಾತು ಸೇರಿಸಿದಳು. "ಆದ್ರೆ ಸಂಜೆ ಹೊತ್ತು ಬರೀಬಾರ್ದು. ಕಣ್ಣು ದಣಿದಿದ್ರೆ ಎಲ್ಲಾ ಸತ್ತ ಹಾಗೇ ಕಾಣುತ್ತೆ. ಬೆಳಿಗ್ಗೆ ಇನ್ನೊಂದ್ಸಲ ಎಣಿಸ್ಬೇಕು."

ಅಧ್ಯಕ್ಷರು ಕನ್ನಡಕ ತೆಗೆದರು. "ಇದು ಯಾವ ಪುಸ್ತಕದಲ್ಲಿದೆ?"

"ಪುಸ್ತಕದಲ್ಲಿಲ್ಲ ಸರ್," ಎಂದಳು ಗುಬ್ಬಿ. "ನನಗೆ ಈ ಕೆಲಸ ಕಲಿಸಿದ್ದೇ ಇವರು. ಅದಕ್ಕೇ ಇವರಿಗೆ ನಾನು ಅಂಕ ಕೊಡಬಾರದು." ಅಂಕದ ಹಾಳೆಯನ್ನು ಪಕ್ಕಕ್ಕೆ ಸರಿಸಿಬಿಟ್ಟಳು.

ಎಣಿಕೆಯಕ್ಕನಿಗೆ ಇದ್ದೊಂದು ಆಸರೆಯೂ ಕೈಬಿಟ್ಟಿತ್ತು. ಮುಗಿದ ಮೇಲೆ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಾಗ ಗುಬ್ಬಿ ಓಡಿಬಂದಳು.

"ಅಕ್ಕಾ, ತಪ್ಪು ಮಾಡಿದ್ನಾ?"

"ಇಲ್ವೇ, ಸರಿಯಾಗೇ ಮಾಡ್ದೆ." ಗುಬ್ಬಿಯ ಭುಜ ಹಿಡಿದು ಎದ್ದಳು. "ಆದ್ರೂ ಒಂದು ಗಳಿಗೆ ಸುಮ್ನಿದ್ದಿದ್ರೆ ಏನು ಗಂಟು ಹೋಗ್ತಿತ್ತೇ ನಿಂದು?" ಇಬ್ಬರೂ ನಕ್ಕರು. ಗುಬ್ಬಿಯ ಕಣ್ಣಲ್ಲಿ ನೀರಿತ್ತು.

ಎರಡು ತಿಂಗಳಾದ ಮೇಲೆ ಪತ್ರ ಬಂತು. ಐದು ಹುದ್ದೆ, ಅವಳದು ಐದನೆಯ ಹೆಸರು. ಕೆಲಸ ಎರಡು ಗಂಟೆಯ ಬಸ್ಸಿನ ದಾರಿಯಲ್ಲಿದ್ದ ಉಪಕೇಂದ್ರದಲ್ಲಿ. ಅದಕ್ಕೂ ಮೊದಲು ಮೂರು ತಿಂಗಳು ಹೊಸಬರ ಜೊತೆ ತರಬೇತಿ. ಗಂಡ ಪತ್ರವನ್ನು ಮೂರು ಸಲ ಗಟ್ಟಿಯಾಗಿ ಓದಿದ.

"ಏನೇ, ಖುಷಿ ಇಲ್ವಾ?"

"ಹಲ್ಲಿದ್ದಾಗ ಕಡಲೆ ಸಿಗ್ಲಿಲ್ಲ," ಎಂದು ಅವಳು ಮಂಚದ ಮೇಲೆ ಒರಗಿದಳು. "ಖುಷಿ ಬರುತ್ತೆ ಬಿಡಿ. ಒಂದು ನಿದ್ದೆ ಆಗ್ಲಿ."

ತರಬೇತಿಯ ಮೊದಲ ದಿನ ಒದ್ದೆ ಕಾಗದ ಹಂಚಿ, ನೂರು ಬೀಜ ಜೋಡಿಸುವುದು ಹೇಗೆಂದು ಮೇಷ್ಟ್ರು ಅರ್ಧ ಗಂಟೆ ವಿವರಿಸಿದರು. ಅಷ್ಟರಲ್ಲಿ ಅವಳದು ಮುಗಿದಿತ್ತು. ಪಕ್ಕದ ಹುಡುಗಿ ಬಗ್ಗಿ ನೋಡಿದಳು.

"ಆಂಟಿ, ನೀವೂ ಹೊಸಬ್ರಾ?"

"ಹೂಂ ಕಣಮ್ಮ, ಇವತ್ತೇ ಸೇರಿದ್ದು. ಇಕ್ಕಳ ಹಾಗಲ್ಲ, ಹೀಗೆ ಹಿಡ್ಕೋ."

ಆ ಸಂಜೆ ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದವಳು ತನ್ನ ನಿಲ್ದಾಣ ದಾಟಿದರೂ ಏಳಲಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು, ಚಪ್ಪಲಿ ಎಳೆದುಕೊಂಡು ನಿಧಾನವಾಗಿ ಹಿಂದಕ್ಕೆ ನಡೆದಳು.