ಸುಜಾತಾ ಮೇಡಂ ಮತ್ತು ನನ್ನ ಕಾರಿನ ಕಂಪ್ಯೂಟರು

ಕಾರಿಗೆ ಡೀಸೆಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರು, ದಪ್ಪ ಸೈಲೆನ್ಸರು ಹಾಕಿಸಿದ್ದು ನನ್ನದೇ ಕೊಬ್ಬು, ಯಾರನ್ನೂ ದೂರುವುದಿಲ್ಲ. ರಾಯಚೂರಿನಿಂದ ದೇವದುರ್ಗದ ಹೈಸ್ಕೂಲಿಗೆ ದಿನಾ ಮೂವರು ಶಿಕ್ಷಕರು ಅದರಲ್ಲಿ ಹೋಗುತ್ತಿದ್ದೆವು: ನಾನು, ಪಕ್ಕದಲ್ಲಿ ಗಣಿತದ ಸುಜಾತಾ ಮೇಡಂ, ಹಿಂದೆ ಗೊರಕೆ ಹೊಡೆಯುವ ಹುಲಗಪ್ಪ ಮಾಸ್ತರರು. ಮೇಡಂ ಮೆಚ್ಚಲಿ ಎಂದೇ ಇಷ್ಟೆಲ್ಲ ಮಾಡಿಸಿದ್ದೆ. ಆದರೆ ಕಾರು ಕಪ್ಪು ಹೊಗೆ ಉಗುಳುತ್ತ ಜಗ್ಗಿ ಜಗ್ಗಿ ಓಡತೊಡಗಿತು. ಮೂರನೇ ದಿನ ಮೇಡಂ ಬಸ್ಸು ಹತ್ತಿದರು. ಆ ಸೀಟು ಖಾಲಿಯಾಗಿ ಎರಡು ವಾರ. ನನಗೆ ಊಟವೇ ರುಚಿಸುತ್ತಿರಲಿಲ್ಲ, ಮುಚ್ಚಿಡುವುದೇನು?

ಮಾನ್ವಿಯ ಮೆಕ್ಯಾನಿಕ್ ಅಲ್ತಾಫ್ ಬಾನೆಟ್ ಎತ್ತಿ ನೋಡಿದ.

"ಸಾಮಾನು ಹೊಸಾದು, ಇಂಜಿನ್ ಕಂಪ್ಯೂಟರ್ ಇನ್ನೂ ಹಳೇ ಲೆಕ್ಕದಾಗ ಡೀಸೆಲ್ ಬಿಡಾಕತ್ತದ ಸರ. ರಿಮ್ಯಾಪ್ ಮಾಡಿ ಆ ಲೆಕ್ಕ ಬದಲಿಸಬೇಕು, ಇಲ್ಲಾ ಎಲ್ಲಾ ಬಿಚ್ಚಬೇಕು."

"ರಿಮ್ಯಾಪೇ ಮಾಡು ಭಾಯ್."

"ಖಾಲಿ ಗಾಡಿಗೆ ನಾ ಮಾಡಂಗಿಲ್ಲ. ದಿನಾ ಕೂಡೋ ಮಂದೀನ ಕರಕೊಂಡು ಬರ್ರಿ. ಲೋಡ್ ಮ್ಯಾಲೆ ಓಡಿಸಿ ನೋಡಬೇಕು."

ಒಳ್ಳೆ ಪೇಚಿಗೆ ಸಿಕ್ಕಿಸಿದ! ತಿನ್ನಲು ಮಂಡಾಳ ಒಗ್ಗರಣೆ, ಮಿರ್ಚಿ ಕೊಡಿಸುತ್ತೇನೆ ಎಂದರೆ ಹುಲಗಪ್ಪ ಮಾಸ್ತರರು ಬಂದಾರು. ಮೇಡಂಗೆ ಏನೆಂದು ಹೇಳಲಿ? ಫೋನ್ ಮಾಡಿ ಬಡಬಡಿಸಿದೆ: "ಮೇಡಂ, ರವಿವಾರ ನಿಮ್ಮ ತೂಕ ಬೇಕಾಗಿತ್ರೀ."

ಆ ಕಡೆ ನಗು. "ಬರ್ತೀನ್ರೀ. ಎಷ್ಟು ಕೇಜಿ ಅಂತ ಮಾತ್ರ ಕೇಳಬ್ಯಾಡ್ರಿ."

ರವಿವಾರ ಪೋತ್ನಾಳ ರಸ್ತೆಯಲ್ಲಿ ಓಡಿಸಿದೆವು. ನನ್ನ ಪಕ್ಕ ಲ್ಯಾಪ್‌ಟಾಪ್ ಹಿಡಿದ ಅಲ್ತಾಫ್. ಹಿಂದಿನಿಂದ ಮೇಡಂ ಬಗ್ಗಿ ಪರದೆಯ ಮೇಲಿನ ಗ್ರಾಫನ್ನೇ ನೋಡುತ್ತಿದ್ದರು.

"ಟಾಪ್ ಸ್ಪೀಡಿನ ಓಟ ಬೇಕೋ, ಕಡಿಮೆ ಸ್ಪೀಡಿನಾಗ ಎಳೆತ ಬೇಕೋ ಸರ?"

"ಎಳೆತ," ಎಂದರು ಮೇಡಂ ನನಗಿಂತ ಮೊದಲೇ. "ಹಂಪ್ ದಾಟಿದ ಕೂಡ್ಲೇ ಈ ಗೆರಿ ಬೀಳಾಕತ್ತದ, ನೋಡು."

ಅಲ್ತಾಫ್ ಅದನ್ನೇ ಸರಿಪಡಿಸಿದ. ಮೂರನೇ ಸುತ್ತಿಗೆ ಹೊಗೆಯೂ ಇಲ್ಲ, ಜಗ್ಗಾಟವೂ ಇಲ್ಲ. ಹುಲಗಪ್ಪ ಮಾಸ್ತರರು ಗೊರಕೆ ಶುರು ಮಾಡಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು.

"ನಾಳಿಂದ ಬರ್ತೀನಿ," ಎಂದರು ಮೇಡಂ. "ಆದ್ರ ಆ ಸೈಲೆನ್ಸರ್ ತೆಗಸ್ರಿ. ನೀವು ಮಾತಾಡಿದ್ದು ಒಂದೂ ಕೇಳ್ಸಂಗಿಲ್ಲ."

"ಅದನ್ನ ತೆಗದ್ರ ಮತ್ತ ಮ್ಯಾಪ್ ಮಾಡಬೇಕಾಗ್ತದ," ಎಂದ ಅಲ್ತಾಫ್. "ಮುಂದಿನ ರವಿವಾರ ಮತ್ತ ಲೋಡ್ ಬೇಕು."

ಇನ್ನೊಂದು ರಜೆ ಯಾರು ಹಾಳು ಮಾಡಿಕೊಳ್ಳುತ್ತಾರೆ?

ಮೇಡಂ ಮಲಗಿದ್ದ ಮಾಸ್ತರರ ಕಡೆ ನೋಡಿ ದನಿ ತಗ್ಗಿಸಿದರು.

"ನಾ ಬರ್ತೀನಿ. ಇವರ ಬದ್ಲಿ ಎರಡು ಚೀಲ ಅಕ್ಕಿ ಇಟ್ರ ನಡಿತದಲ್ಲ?"