ಕುತ್ತಿಗೆಗೆ ಮೆತ್ತಿದ ಗ್ರೀಸು
ಕುಮಾಸಿ ಪಟ್ಟಣದ ಗ್ಯಾರೇಜು ಸಾಲಿನಲ್ಲಿ, ಲೇತ್ ಕೆಲಸದ ಒಪೊಕು ಮಾಡಿಕೊಟ್ಟ ಹೊಸ ಆಕ್ಸಲನ್ನು ಸೆರ್ವಾ ಹೊರಳಿಸಿ ಹೊರಳಿಸಿ ನೋಡಿದಳು. ಮೈಯೆಲ್ಲ ಒಣಗಿತ್ತು, ದಪ್ಪ ಭಾಗ ಸಣ್ಣದಾಗುವ ಕುತ್ತಿಗೆಗೆ ಮಾತ್ರ ಗ್ರೀಸು ಮೆತ್ತಿತ್ತು. ಹಳೆಯದು ಮುರಿದದ್ದೂ ಅಲ್ಲೇ. ನಾಳೆ ಅವಳ ತಮ್ಮ ಇದೇ ಆಕ್ಸಲ್ ಹಾಕಿದ ಟ್ರೋಟ್ರೋ ಎಂಬ ಬಾಡಿಗೆ ವ್ಯಾನಿನ ತುಂಬ ಜನ ಹೇರಿಕೊಂಡು ಮಾಂಪಾಂಗ್ ಇಳಿಜಾರು ಇಳಿಯಬೇಕು.

“ಇದೇನು, ಕುತ್ತಿಗೆಗೊಂದೇ ನೆಗಡಿನಾ?”

“ತುಕ್ಕು ಹಿಡೀಬಾರ್ದು ಅಂತ, ಅಕ್ಕಾ.”

“ತುಕ್ಕು ಜಾಗ ಕೇಳ್ಕೊಂಡು ಬರುತ್ತಾ?”

ಅವಳು ಗ್ರೀಸು ಒರೆಸಿ ಕುತ್ತಿಗೆಯ ಮೇಲೆ ಉಗುರು ಎಳೆದಳು. ಲೇತಿನ ಉಳಿ ಬಿಟ್ಟ ಗೀರಿಗೆ ಉಗುರು ಸಿಕ್ಕಿಕೊಂಡಿತು.

“ಕೂದಲೆಳೆಯಷ್ಟು ಗೀರು. ಉಕ್ಕಿಗೇನಾಗುತ್ತೆ?”

“ಹೋದ ಸಲ ಬಿರುಕು ಹುಟ್ಟಿದ್ದು ಇಂಥ ಗೀರಲ್ಲೇ. ಗೊತ್ತಿದ್ದೇ ಮುಚ್ಚಿದ್ದೀಯ.”

ಒಪೊಕು ಆಕ್ಸಲನ್ನು ಮತ್ತೆ ಲೇತಿಗೇರಿಸಿ ಮರಳುಕಾಗದ ಹಿಡಿದ. ಸೆರ್ವಾ ಸ್ಟೂಲೆಳೆದುಕೊಂಡು ಕೂತಳು. ಕುತ್ತಿಗೆಯ ಮೇಲೆ ಉಗುರು ನುಣ್ಣಗೆ ಜಾರುವವರೆಗೂ ಏಳಲಿಲ್ಲ.