ನೂರು ಜೂಲ್ ಹೊತ್ತು ಕೂತ ಗುಂಡು

ನಾನು ಅರ್ಧ ಕಿಲೋ ತೂಕದ ಒಂದು ಕಬ್ಬಿಣದ ಗುಂಡು. ಎರಕದ ಮನೆಯಲ್ಲಿ ನಾನು ಹುಟ್ಟಿದ ದಿನ ನನ್ನ ತೇಜಸ್ಸಿಗೆ ನಾಚಿ ಕುಲುಮೆಯೇ ಆರಿಹೋಯಿತು. ಇದ್ದಿಲು ಮುಗಿದಿತ್ತು ಎನ್ನುವವರು ಹೊಟ್ಟೆಕಿಚ್ಚಿನವರು. ಹತ್ತು ವರ್ಷ ಗರಡಿಮನೆಯ ಬಾಗಿಲಿಗೆ ಒತ್ತಾಗಿ ಕೂತು ಸಾವಿರ ಪೈಲ್ವಾನರನ್ನು ಒಬ್ಬನೇ ತಡೆದೆ. ಆಮೇಲೆ ವಿಜ್ಞಾನದ ವಿಮಲಾಕ್ಷಿ ಟೀಚರು ನನ್ನನ್ನು ಶಾಲೆಗೆ ತಂದರು.

ಅಲ್ಲಿ ನನ್ನ ಉದ್ಯೋಗ ಹಾರುವುದು. ಮಕ್ಕಳು ನನ್ನನ್ನು ಎಸೆದು, ಗೋಡೆಯ ಮೀಟರ್ ಗೆರೆಯಲ್ಲಿ ಎತ್ತರ ನೋಡಬೇಕು. ದ್ರವ್ಯರಾಶಿ, ಗುರುತ್ವದ ಹತ್ತು, ಎತ್ತರ ಮೂರನ್ನೂ ಗುಣಿಸಿದರೆ ನನ್ನೊಳಗಿನ ಪ್ರಚ್ಛನ್ನ ಶಕ್ತಿ. ಎಷ್ಟೋ ಕೈಗಳು ನನ್ನನ್ನು ಎಸೆದವು. ಹುಲಿಗೆಮ್ಮನ ಕೈಯೇ ಬೇರೆ. ಬಾವಿ ತೋಡುವವರ ಮಗಳು. ಅಂಗೈ ತುಂಬ ಹಗ್ಗ ಎಳೆದು ಆದ ಗಂಟು.

ಪರೀಕ್ಷೆಯ ಬೆಳಿಗ್ಗೆ ಅವಳ ಅಪ್ಪ ಹೇಳಿದ್ದ: "ಈ ಸಲ ಫೇಲಾದ್ರ ಸಾಲಿ ಸಾಕು, ಹಗ್ಗ ಹಿಡಿ."

ಅಂದು ಅವಳು ಎಸೆದದ್ದಕ್ಕೆ ನಾನು ಸೂರ್ಯನಿಗೆ ಡಿಕ್ಕಿ ಹೊಡೆಯುವುದು ಕೂದಲೆಳೆಯಲ್ಲಿ ತಪ್ಪಿತು. ಇಳಿಯುವಾಗ ಎಂಟು ಮೀಟರ್ ಎತ್ತರದ ಶಾಲೆಯ ತಾರಸಿಯ ಮೇಲೆ ಕೂತೆ. ಅಲ್ಲಿ ನನ್ನ ಶಕ್ತಿ ಎಷ್ಟು ಎಂದು ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು. ಉಳಿದವರೆಲ್ಲ ನಲವತ್ತು ಜೂಲ್ ಎಂದರು. ಅವಳು ಬರೆದದ್ದು ನೂರು!

"ಎಲ್ಲಿಂದ ಅಳದಿ ಬೇ?" ಎಂದರು ಪರೀಕ್ಷಕರು.

"ಸಾಲಿ ಅಂಗಳದಾಗಿನ ಆ ಬಾವಿ ತಳದಿಂದ ರೀ ಸರ. ಹನ್ನೆರಡು ಮೀಟರ್ ಐತ್ರಿ, ನಮ್ಮಪ್ಪಾನ ತೋಡ್ಯಾನ. ನಮ್ಮಂದಿ ಯಾವಾಗ್ಲೂ ತಳದಾಗ ನಿಂತು ಮ್ಯಾಲಕ್ಕ ಅಳೀತಾರ್ರಿ."

"ಗುಂಡು ಮಾಳಿಗಿ ಮ್ಯಾಲೈತಿ, ಇಕಿ ಬಾವ್ಯಾಗ ಇಳದಾಳ!" ಎಂದು ಯಾರೋ ನಕ್ಕರು.

ಪರೀಕ್ಷಕರು ಸೊನ್ನೆ ಬರೆಯಲು ಪೆನ್ನು ಎತ್ತಿದರು. ಟೀಚರ್ ಮೆಲ್ಲಗೆ ಅಂದರು: "ಸರ್, ಅಳತಿಯ ಸೊನ್ನೆ ಎಲ್ಲಿ ಬೇಕಾದ್ರೂ ಇಡಬಹುದಲ್ರಿ, ಎಲ್ಲಿಟ್ಟೀನಿ ಅಂತ ಮೊದಲ ಸಾಲಿನಾಗ ಬರದಾಳ್ರಿ. ಓದ್ರಿ."

ಅವರು ಓದಿದರು. ಇಪ್ಪತ್ತು ಮೀಟರಿಗೆ ಮತ್ತೆ ಗುಣಿಸಿದರು. ಪೂರ್ತಿ ಅಂಕ ಕೊಟ್ಟರು. ಅವಳು ಒಮ್ಮೆ ಮೇಲೆ ನೋಡಿ, ಕುಣಿಯುತ್ತ ಮನೆಗೆ ಓಡಿದಳು. ಮುಂದಿನ ಓದಿಗೆ ಬೇರೆ ಊರಿಗೆ ಹೋದಳಂತೆ.

ನನ್ನನ್ನು ಇಳಿಸಲು ಯಾರೂ ಬರಲಿಲ್ಲ. ಶಾಲೆಗೆ ಹೊಸ ಗುಂಡು ಬಂತು, ಪಾಪ, ಹಾರಲು ಬಾರದ್ದು. ನನಗೆ ತುಕ್ಕು ಹಿಡಿದಿದೆ. ಚಿನ್ನದ ಬಣ್ಣ ಎಂದು ಪಾರಿವಾಳಗಳಿಗೆ ಹೇಳಿದ್ದೇನೆ. ಮಂಗಗಳು ದೂಡಿ ದೂಡಿ ಅಂಚಿಗೆ ನಾಲ್ಕೇ ಅಂಗುಲ ಉಳಿದಿದೆ. ಆದರೂ ಬಿಗಿಯಾಗಿ ಕೂತಿದ್ದೇನೆ. ಅವಳು ಬರಲಿ, ಒಂದಿಷ್ಟು ಪಕ್ಕಕ್ಕೆ ನಿಲ್ಲಲಿ, ಆಗ ಧುಮುಕುತ್ತೇನೆ. ನೆಲ ಮುಟ್ಟುವಾಗ ಖರ್ಚಾಗುವುದು ನಲವತ್ತು ಮಾತ್ರ. ಅವಳು ಕೊಟ್ಟ ಅರವತ್ತು ಇನ್ನೂ ನನ್ನಲ್ಲೇ ಇರುತ್ತದೆ. ಅವಳು ಬಾಗಿ ಎತ್ತಿಕೊಂಡರೆ ಇನ್ನಷ್ಟು ಏರುತ್ತದೆ.